ಸೀಳಿಗರ ಕೈಮಾತು

ಅಕ್ಷರ ದುಂಡಗಿಲ್ಲ, ಸಾಲು ನೆಟ್ಟಗಿಲ್ಲ, ಓದುವವರು ಮನ್ನಿಸಬೇಕು. ಒಂಬತ್ತನೇ ಕ್ಲಾಸಿನಲ್ಲಿ ಶಾಲೆ ಬಿಟ್ಟವಳ ಬರಹ ಇದು. ದೊಡ್ಡ ಮಾತುಗಳು ಬರುವುದಿಲ್ಲ. ಬರುವ ಮಾತನ್ನೂ ಬರೆದು, ಹೊಡೆದುಹಾಕಿ, ಮತ್ತೆ ಬರೆದು ಇಟ್ಟಿದೆ. ಇದು ಖಾಜಾಸಾಬರ ವಿಷಯ. ಬರೆದವಳು ಅವರ ಮೊಮ್ಮಗಳು ಸುಹಾನಾ. ತಾನು ಬರುವ ಕಡೆಯಲ್ಲೂ ಹೆಸರನ್ನೇ ಬರೆದಿದ್ದಾಳೆ, ಯಾಕೆಂದರೆ ಇದು ಅವಳ ಕತೆಯಲ್ಲ.

ಖಾಜಾಸಾಬರು ಸಿರಿಗೇರಿಯವರು. ಕುಳ್ಳಗಿನ ಆಳು, ಕೈಗಳು ಮಾತ್ರ ಮೈಗೆ ಹೊಂದದಷ್ಟು ದೊಡ್ಡವು. ಆ ಕೈಗಳೇ ಅವರ ಕಸುಬು. ಕುರಿ, ಎತ್ತುಗಳ ದಲ್ಲಾಳಿಯಾಗಿ ಸಿರುಗುಪ್ಪದಿಂದ ಕುರುಗೋಡಿನವರೆಗೆ ಒಂದು ಸಂತೆಯನ್ನೂ ಬಿಟ್ಟವರಲ್ಲ. ಮಾರುವವನಿಗೂ ಕೊಳ್ಳುವವನಿಗೂ ನಡುವೆ ನಿಂತು ವ್ಯಾಪಾರ ಕುದುರಿಸುವುದು ಅವರ ಕೆಲಸ. ಸುತ್ತ ಮಂದಿ ಕಿವಿ ಕೊಟ್ಟು ನಿಂತಿರುತ್ತಾರೆ, ಬೆಲೆಯನ್ನು ಬಾಯಲ್ಲಿ ಹೇಳುವಂತಿಲ್ಲ. ಅದಕ್ಕೇ ಹೆಗಲ ಮೇಲಿನ ಟವೆಲ್ಲನ್ನು ಒದರಿ, ಇಬ್ಬರ ಕೈ ಮೇಲೆ ಹಾಸಿ, ಅದರ ಕೆಳಗೆ ಬೆರಳು ಹಿಡಿದು ಬೆಲೆ ತಿಳಿಸುತ್ತಿದ್ದರು. ಒಂದು ಬೆರಳು ಹಿಡಿದರೆ ಒಂದು, ಎರಡು ಹಿಡಿದರೆ ಎರಡು, ಇಡೀ ಕೈ ಹಿಡಿದರೆ ಐದು, ಗೆಣ್ಣು ಒತ್ತಿದರೆ ಅರ್ಧ. ಒಪ್ಪದಿದ್ದರೆ ಹಿಡಿತ ಸಡಿಲ ಬಿಟ್ಟು ಬೇರೆ ಬೆರಳು ಹಿಡಿಯಬೇಕು. ಕೊನೆಗೆ ಹೆಬ್ಬೆರಳಿಗೆ ಹೆಬ್ಬೆರಳು ಒತ್ತಿದರೆ ಮುಗಿಯಿತು. ಆಮೇಲೆ ಬದಲಾವಣೆ ಇಲ್ಲ.

ಟವೆಲ್ಲಿನ ಮೇಲೆ ಬಾಯಿ ಏನು ಬೇಕಾದರೂ ಅನ್ನಬಹುದು. "ಈ ಎತ್ತಿಗೆ ಹಲ್ಲ ಇಲ್ಲ, ಇದನ್ನ ಮನಿಗೆ ಒಯ್ದು ಗಂಜಿ ಕುಡಿಸ್ಲೇನು?" ಎಂದು ಬೈಯುತ್ತಲೇ ಖಾಜಾಸಾಬರು ಕೆಳಗೆ ಒಳ್ಳೆಯ ಬೆಲೆ ಹಿಡಿಯುತ್ತಿದ್ದರು. ಬಾಯಿ ಸುಳ್ಳು ಹೇಳಿದರೆ ಅದು ಸಂತೆಯ ರೂಢಿ. ಕೈ ಸುಳ್ಳು ಹೇಳಿದರೆ ಅವನು ದಲ್ಲಾಳಿಯೇ ಅಲ್ಲ. ಅವರ ತಂದೆ ಅವರಿಗೆ ಕಲಿಸಿದ್ದು ಇಷ್ಟೇ, ಅವರು ಕಲಿತದ್ದೂ ಇಷ್ಟೇ. ಕುರುಗೋಡಿನ ಮಾರೆಣ್ಣ ಅವರ ಜೊತೆಗಾರ ದಲ್ಲಾಳಿ. ಅವನು ಕಂಡವರಿಗೆಲ್ಲ ಹೇಳಿ ನಗುತ್ತಿದ್ದ: "ಈ ಖಾಜಾನ ಬಾಯಿ ನಂಬಿದೋರು ಯಾರೂ ಊರು ಮುಟ್ಟಿಲ್ಲ. ಕೈ ನಂಬಿದೋರು ಹೊಲ ತಗೊಂಡಾರ."

ಆ ಕಾಲ ಹೋಯಿತು. ಈಗ ಕುರಿಯ ಫೋಟೋ ಫೋನಿಗೇ ಬರುತ್ತದೆ, ಅದರ ಕೆಳಗೆ ಬೆಲೆಯೂ ಬರೆದಿರುತ್ತದೆ. ಹೆಂಡತಿ ತೀರಿಕೊಂಡ ಮೇಲೆ ಖಾಜಾಸಾಬರು ಬಳ್ಳಾರಿಗೆ, ಮಗ ಶಾಕೀರನ ಮನೆಗೆ ಬಂದರು. ಬೆಳಿಗ್ಗೆ ಬ್ರೂಸ್‌ಪೇಟೆಗೆ ಹೋಗಿ ಪರಿಚಯದ ಹಗ್ಗದ ಅಂಗಡಿಯ ಮುಂದೆ ಕೂರುತ್ತಿದ್ದರು. ಗಿರಾಕಿ ಬಂದು ಬಾಯಿಬಿಟ್ಟು ಬೆಲೆ ಕೇಳಿ, ಅಂಗಡಿಯವನು ಬಾಯಿಬಿಟ್ಟು ಹೇಳಿದರೆ ಅವರಿಗೆ ನಾಚಿಕೆಯಾದಂತಾಗಿ ಮುಖ ತಿರುಗಿಸುತ್ತಿದ್ದರು. ಟವೆಲ್ಲು ಹೆಗಲ ಮೇಲೆ ಇದ್ದೇ ಇತ್ತು. ಅದರ ಕೆಳಗೆ ಕೈ ಇಡುವವರು ಇರಲಿಲ್ಲ.

ಶಾಕೀರ ಲಾರಿ ಡ್ರೈವರ್. ಸಿರುಗುಪ್ಪದ ಅಕ್ಕಿ ಹೇರಿಕೊಂಡು ಹೋದನೆಂದರೆ ವಾರಗಟ್ಟಲೆ ಮನೆಗೆ ಬರುವುದಿಲ್ಲ. ಅವನ ಹೆಂಡತಿ ಫರ್ಜಾನಾ ಜೀನ್ಸ್ ಹೊಲಿಯುವ ಯೂನಿಟ್ಟಿನಿಂದ ಪ್ಯಾಂಟಿನ ಗಂಟು ತಂದು, ಮನೆಯಲ್ಲೇ ಕೂತು ಜೋತ ದಾರಗಳನ್ನು ಕತ್ತರಿಸಿ ಕೊಡುತ್ತಾಳೆ. ಶಾಲೆ ಬಿಟ್ಟ ಮೇಲೆ ಸುಹಾನಾಳದೂ ಅದೇ ಕೆಲಸ. ಅವಳ ತಮ್ಮ ಆಸಿಂಗೆ ಒಂಬತ್ತು ವರ್ಷ. ಹುಟ್ಟಿದಾಗಿನಿಂದ ಅವನಿಗೆ ರಕ್ತದ ಕಾಯಿಲೆ. ಮೈಯೊಳಗೆ ರಕ್ತ ಉಳಿಯುವುದಿಲ್ಲ, ಕರಗುತ್ತ ಹೋಗುತ್ತದೆ. ಮೂರು ವಾರಕ್ಕೊಮ್ಮೆ ಆಸ್ಪತ್ರೆಯಲ್ಲಿ ಬೇರೆಯವರ ರಕ್ತ ಏರಿಸಬೇಕು. ಏರಿಸಿದ ವಾರ ಕೋತಿಯಂತೆ ಕುಣಿಯುತ್ತಿದ್ದ. ಮೂರನೆಯ ವಾರ ಬಂತೆಂದರೆ ತುಟಿ ಬೆಳ್ಳಗಾಗಿ ಗೋಡೆಗೆ ಒರಗುತ್ತಿದ್ದ.

ಹಾಗೆ ಒರಗಿದ ದಿನಗಳಿಗಾಗಿ ಸುಹಾನಾ ಒಂದು ಕತೆ ಕಟ್ಟಿದ್ದಳು. ಕುರುಗೋಡಿನ ಗುಡ್ಡದ ಬಂಡೆಗಳಲ್ಲಿ ಸೀಳುಗಳಿವೆಯಲ್ಲ, ಅವುಗಳ ಒಳಗೆ ಸೀಳಿಗರು ಎಂಬ ಮಂದಿ ಇದ್ದಾರೆ. ಆಡಿನ ಮರಿಯಷ್ಟು ಎತ್ತರ, ಬೂದಿ ಬಣ್ಣ, ಬಂಡೆಯ ಬೆವರು ಕುಡಿದು ಬದುಕುತ್ತಾರೆ. ಗಟ್ಟಿ ದನಿ ತೆಗೆದರೆ ಮೇಲಿನ ಬಂಡೆ ಸಡಿಲಾಗುತ್ತದೆಂದು ಯಾರೂ ದನಿ ತೆಗೆಯುವುದಿಲ್ಲ. ದಾರ ಕತ್ತರಿಸುತ್ತ ಅವಳು ಹೇಳುತ್ತಿದ್ದಳು, ಆಸಿಂ ಪ್ಯಾಂಟಿನ ರಾಶಿಯ ಮೇಲೆ ಮಲಗಿ ಕೇಳುತ್ತಿದ್ದ.

ಒಂದು ದಿನ ಅವನು ಕೇಳಿದ, "ಅಕ್ಕಾ, ಅವ್ರು ಯಾವ ಭಾಷಿ ಮಾತಾಡ್ತಾರ?"

"ಕನ್ನಡ."

"ಥೂ, ಕಲ್ಲಾಗ ಇರೋರಿಗೆ ಕನ್ನಡ ಯಾರ್ ಕಲಿಸಿದ್ರು? ಹಂಗಾರ ತೆಲುಗೂ ಬರ್ತೈತೇನು?"

ಸುಹಾನಾ ಸಿಕ್ಕಿಬಿದ್ದಳು. ಕೆಲವು ದಿನ ಒದ್ದಾಡಿ, ಪ್ರತಿ ಅಕ್ಷರದ ಹಿಂದೆ ಒಂದು 'ಕ' ಸೇರಿಸಿ ಪಿಸುಗುಟ್ಟಿದಳು. ಆಸಿಂ ಎದ್ದು ಕೂತ. "ಇದು ನಮ್ಮ ಸಾಲಿ ಹುಡುಗ್ರು ಮಾಸ್ತರ ಹಿಂದ ಮಾತಾಡೋ ಭಾಷಿ! ಮೋಸ!" ಮಾತುಗಳನ್ನು ತಿರುಗಿಸಿ ಹಿಂದುಮುಂದು ಮಾಡಿದಳು. "ಇದನ್ನ ಮಾತಾಡಿದ್ರ ಸೀಳಿಗ್ರು ವಾಂತಿ ಮಾಡ್ಕೊಂತಾರ," ಎಂದ.

ಬಾಗಿಲ ಬಳಿ ಕೂತಿದ್ದ ಖಾಜಾಸಾಬರು ಇದನ್ನೆಲ್ಲ ಕೇಳುತ್ತಿದ್ದರು. ಅವರಿಗೆ ಕತೆ ಎಂದರೆ ಅಷ್ಟಕ್ಕಷ್ಟೆ. ಆದರೆ ಆಗ ಅವರು ಗಂಟಲು ಸರಿಮಾಡಿಕೊಂಡರು.

"ಅವ್ರು ಇರೋದು ಕತ್ತಲಾಗ ಅಲ್ಲೇನವ್ವ?"

"ಹೂಂ ತಾತ."

"ಕಣ್ಣು ಕಾಣಂಗಿಲ್ಲ, ದನಿ ತೆಗ್ಯಂಗಿಲ್ಲ. ಅಂದಮ್ಯಾಲ ಕೈಲೆ ಮಾತಾಡ್ತಾರ." ಹೆಗಲಿಂದ ಟವೆಲ್ಲು ತೆಗೆದು ಫಟ್ಟನೆ ಒದರಿದರು. "ಬಾರಲೇ ಆಸಿಂ, ಕೈ ಕೊಡು ಇಲ್ಲಿ."

ಅಲ್ಲಿಂದ ಮೂವರೂ ಸೇರಿ ಭಾಷೆ ಕಟ್ಟಿದರು. ಹಾಗೆ ಕಟ್ಟುವುದು ಹುಡುಗಾಟವಲ್ಲ ಎಂಬುದು ಸುಹಾನಾಗೆ ಆಗ ತಿಳಿಯಿತು. ಲೆಕ್ಕದ ಬೆರಳುಗಳೂ ಒಪ್ಪಿಗೆಯ ಹೆಬ್ಬೆರಳೂ ಖಾಜಾಸಾಬರ ಕಡೆಯಿಂದ ಬಂದವು. ನಿನ್ನೆ, ನಾಳೆ ಎನ್ನುವುದು ಹೇಗೆಂದು ಯೋಚಿಸಿ ಸುಹಾನಾ ತಲೆ ಕೆಡಿಸಿಕೊಂಡಳು. ಕಡೆಗೆ ಮಣಿಕಟ್ಟಿನ ಕಡೆ ಸವರಿದರೆ ಆಗಿಹೋದದ್ದು, ಬೆರಳ ತುದಿಯ ಕಡೆ ಸವರಿದರೆ ಆಗಬೇಕಾದದ್ದು ಎಂದು ಮಾಡಿದಳು. ಅಂಗೈ ನಡುವೆ ಬೆರಳು ಊರಿದರೆ ಮನೆ. ಉಗುರು ತಾಗಿಸಿದರೆ ನೋವು. ಬೆರಳಗೆಣ್ಣುಗಳನ್ನು ಉರುಳಿಸಿದರೆ ಗುಡ್ಡ. ಅಂಗೈ ನಡುವೆ ಉಗುರು ಊರಿದರೆ ನೋವಿನ ಮನೆ, ಅಂದರೆ ಆಸ್ಪತ್ರೆ. ಪ್ರಶ್ನೆ ಕೇಳುವುದಕ್ಕೆ ಕಚಗುಳಿ ಇಡಬೇಕು ಎಂಬುದು ಆಸಿಂ ಮಾಡಿದ ನಿಯಮ. ತಾತನಿಗೆ ಬೇಕೆಂದೇ ಪ್ರಶ್ನೆಗಳನ್ನೇ ಕೇಳುತ್ತಿದ್ದ. ಆ ದೊಡ್ಡ ಕೈ ಟವೆಲ್ಲಿನ ಕೆಳಗೆ ಒದ್ದಾಡುವುದು, "ಬಿಡಲೇ, ಹೇಳ್ತೀನಿ, ಬಿಡಲೇ" ಎಂದು ಖಾಜಾಸಾಬರು ನಗುವುದು ಕೇಳಿ ಫರ್ಜಾನಾ ಒಳಗಿನಿಂದ ಬಂದು ನಿಂತು ನೋಡುತ್ತಿದ್ದಳು. ಅತ್ತೆ ಹೋದ ಮೇಲೆ ಮಾವ ನಕ್ಕದ್ದನ್ನು ಅವಳು ಕಂಡಿರಲಿಲ್ಲ.

ಆಸಿಂನ ಹೊರಗೈ, ಅಂದರೆ ಅಂಗೈಯ ಹಿಂಬದಿ, ಸೂಜಿ ಚುಚ್ಚಿಸಿಕೊಂಡು ಯಾವಾಗಲೂ ನೀಲಿಗಟ್ಟಿರುತ್ತಿತ್ತು. ಅಲ್ಲಿ ಮುಟ್ಟಿದರೆ ಅವನು ಕೈ ಕೊಡುತ್ತಿರಲಿಲ್ಲ. ಹಾಗಾಗಿ ಸೀಳಿಗರ ಮಾತೆಲ್ಲ ಅಂಗೈ ಕಡೆಗೇ ಬಂತು, ಹೊರಗೈ ಮೇಲೆ ಒಂದು ಮಾತೂ ಇಲ್ಲ. ಸೀಳಿಗರ ಹೊರಗೈ ಬಂಡೆಗೆ ಉಜ್ಜಿ ಉಜ್ಜಿ ದಡ್ಡುಗಟ್ಟಿರುತ್ತದೆ, ಅಲ್ಲಿ ಏನೂ ತಿಳಿಯುವುದಿಲ್ಲ ಎಂದು ಸುಹಾನಾ ಕತೆಗೆ ಸೇರಿಸಿದಳು.

ಆಸ್ಪತ್ರೆಯಲ್ಲಿ ಒಂದು ಕೈಗೆ ರಕ್ತದ ನಳಿಕೆ, ಇನ್ನೊಂದು ಕೈ ತಾತನ ಟವೆಲ್ಲಿನ ಕೆಳಗೆ. ಜಯಶ್ರೀ ಎಂಬ ನರ್ಸಮ್ಮ ಮೊದಲ ಸಲ ನೋಡಿದಾಗ ಕೇಳಿದಳು, "ಏನ್ ತಾತ, ಮೊಮ್ಮಗನ್ನ ಮಾರಾಕ ಕುಂತೀರೇನು?"

"ಇಲ್ಲವ್ವ. ಇಂವನ ನನ್ನ ಮಾರಾಕತ್ಯಾನ. ಯಾರೂ ತಗೊಳ್ಳವಲ್ರು."

ಹೋದ ವರ್ಷ ಚಳಿ ಶುರುವಾದಾಗ ಒಂದು ಸಲ ಸೂಜಿಗೆ ನರ ಸಿಗಲೇ ಇಲ್ಲ. ಅವನ ನರಗಳು ಅಷ್ಟು ಸೋತಿದ್ದವು. ಎರಡೂ ಕೈ ನೋಡಿ, ಕಾಲು ನೋಡಿ, ಕೊನೆಗೆ ಸಿಕ್ಕಿತು. ಆಸಿಂ ಅತ್ತು ಅತ್ತು ದನಿ ಹೋಗಿ, ಮನೆಗೆ ಬಂದ ಮೇಲೂ ಮಾತಾಡಲಿಲ್ಲ. ಟವೆಲ್ಲು ಒದರಿದರೂ ಕೈ ಕೊಡಲಿಲ್ಲ. ಕೆಲವು ದಿನಕ್ಕೆ ಸರಿಹೋದ.

ಮುಂದಿನ ಸಲದ ರಕ್ತಕ್ಕೆ ಎರಡು ದಿನ ಇದೆ ಎನ್ನುವಾಗ ಸಿರುಗುಪ್ಪದಿಂದ ಫೋನ್ ಬಂತು. ಫರ್ಜಾನಾಳ ತಾಯಿ ಖಾತೂನ್ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟ ಮುರಿದುಕೊಂಡಿದ್ದರು. ಶಾಕೀರ ಲಾರಿಯ ಮೇಲಿದ್ದ. ಎತ್ತಿ ಕೂರಿಸುವುದಕ್ಕೆ ಇಬ್ಬರು ಬೇಕೆಂದು ಫರ್ಜಾನಾ ಸುಹಾನಾಳನ್ನೂ ಕರೆದುಕೊಂಡು ಹೊರಟಳು.

"ಮಾವ, ಸೋಮವಾರ ಮರೀಬ್ಯಾಡ್ರಿ. ಅಂವ ಅತ್ರೂ ಕೇಳಬ್ಯಾಡ್ರಿ."

"ನೀನು ಹೋಗವ್ವ. ಆಸ್ಪತ್ರಿ ನನಗೇನ್ ಹೊಸಾದಲ್ಲ."

ಭಾನುವಾರ ಸಂಜೆ ಆಸಿಂ ತಾನೇ ತಾತನ ಹೆಗಲಿಂದ ಟವೆಲ್ಲು ಎಳೆದುಕೊಂಡ. ಸಂತೆಯಲ್ಲಿ ಮಾಡುವಂತೆಯೇ ಒದರಿ, ಎದುರು ಕೂತು, ತನ್ನ ಕೈಯನ್ನು ಮೊದಲು ಇಟ್ಟು, ಅದರ ಮೇಲೆ ಹಾಸಿ ಕಾದ. ಆ ಕ್ರಮ ನೋಡಿಯೇ ಖಾಜಾಸಾಬರ ಎದೆ ತುಂಬಿಬಂತು. ಎಷ್ಟು ವರ್ಷವಾಗಿತ್ತು, ಒಬ್ಬರು ಹೀಗೆ ಎದುರು ಕೂತು ಅವರ ಕೈಗಾಗಿ ಕಾದು! ಮೊಣಕೈವರೆಗೆ ಅಂಗಿಯ ತೋಳು ಮಡಚಿ ಕೈ ಒಳಗೆ ಇಟ್ಟರು.

ಆಸಿಂ ಅಂಗೈ ನಡುವೆ ಉಗುರು ಊರಿದ: ನೋವಿನ ಮನೆ. ಹಿಡಿತ ಸಡಿಲ ಬಿಟ್ಟ: ಒಲ್ಲೆ. ಗೆಣ್ಣುಗಳನ್ನು ಉರುಳಿಸಿದ: ಗುಡ್ಡ. ಬೆರಳ ತುದಿಯ ಕಡೆ ಸವರಿದ, ಆಮೇಲೆ ಇಡೀ ಕೈ ಹಿಡಿದು ಮತ್ತೆ ಮೂರು ಬೆರಳು ಹಿಡಿದ. ಎಂಟು ದಿನ ಗುಡ್ಡಕ್ಕೆ ಹೋಗೋಣ, ಆಸ್ಪತ್ರೆ ಆಮೇಲೆ.

ಖಾಜಾಸಾಬರು ಬಾಯಲ್ಲಿ, "ಏ ಹುಚ್ಚಪ್ಯಾಲಿ, ನಿಮ್ಮಮ್ಮ ನನ್ನ ಚರ್ಮ ಸುಲೀತಾಳ," ಎಂದರು. ಕೈ ಮಾತ್ರ ತನ್ನ ಪಾಡಿಗೆ ತಾನು ಸಡಿಲ ಬಿಟ್ಟು ಎರಡು ಬೆರಳು ಹಿಡಿಯಿತು. ಆಸಿಂ ಸಡಿಲ ಬಿಟ್ಟು ಆರು ಹಿಡಿದ. ಅವರು ಮೂರಕ್ಕೆ ಬಂದರು. ಹುಡುಗ ಸುಮ್ಮನೆ ಕೂತ. ಅವಸರ ಮಾಡಲಿಲ್ಲ, ಮುಖದಲ್ಲಿ ಏನೂ ತೋರಿಸಲಿಲ್ಲ. ಒಳ್ಳೆಯ ದಲ್ಲಾಳಿ ಹಾಗೆಯೇ ಕೂರುವುದು. ನಾಲ್ಕಕ್ಕೆ ನಿಂತಿತು. ಪುಟ್ಟ ಹೆಬ್ಬೆರಳು ಬಂದು ದೊಡ್ಡ ಹೆಬ್ಬೆರಳಿಗೆ ಒತ್ತಿತು. ದೊಡ್ಡದೂ ಒತ್ತಿತು.

ಹಿಂದೊಮ್ಮೆ ಹೊಂದುವ ರಕ್ತ ಸಿಗದೆ ಪೂರಾ ಒಂದು ವಾರ ತಡವಾಗಿತ್ತು, ಏನೂ ಆಗಿರಲಿಲ್ಲ. ನಾಲ್ಕು ದಿನಕ್ಕೆ ಏನಾದೀತು ಎಂದು ಅವರು ಅಂದುಕೊಂಡದ್ದು ಅದರಿಂದ. ಸೋಮವಾರ ಮಧ್ಯಾಹ್ನ ಫರ್ಜಾನಾ ಫೋನ್ ಮಾಡಿ, "ಆತೇನ್ರಿ ಮಾವ?" ಎಂದು ಕೇಳಿದಾಗ ಅವರು ಆಸಿಂನ ಜೊತೆ ಕುರುಗೋಡಿನ ಬಸ್ಸಿನಲ್ಲಿದ್ದರು. "ಆತವ್ವ, ಎಲ್ಲಾ ಆತು," ಎಂದರು. ಅದು ಬಾಯಿಯ ಮಾತು. ಅವರಿಗೆ ಅದು ದೊಡ್ಡದಾಗಿ ಕಾಣಲಿಲ್ಲ.

ಭಾನುವಾರದ್ದೂ ಇಲ್ಲಿಂದ ಮುಂದಿನದೂ ಸುಹಾನಾ ಕಂಡದ್ದಲ್ಲ; ಟವೆಲ್ಲಿನ ಕೆಳಗಿನದನ್ನು ಖಾಜಾಸಾಬರು ಮಾರೆಣ್ಣನಿಗೆ ಹೇಳಿದ್ದರು, ಎಲ್ಲವನ್ನೂ ಮಾರೆಣ್ಣ ಆಮೇಲೆ ಅವಳಿಗೆ ಹೇಳಿದ.

ಮಾರೆಣ್ಣನ ಮನೆ ಗುಡ್ಡದ ಬುಡದಲ್ಲಿದೆ. ಹೆಂಡತಿ ಈರಮ್ಮ, ಮಗ ಮಾರೇಶ ಇದ್ದಾರೆ. ಆಸ್ಪತ್ರೆಯ ವಿಷಯ ಖಾಜಾಸಾಬರು ಅವರಿಗೂ ಹೇಳಲಿಲ್ಲ. ಮೊಮ್ಮಗನಿಗೆ ಗುಡ್ಡ ತೋರಿಸಲು ಬಂದೆ ಎಂದರು. ಬಸವೇಶ್ವರ ಗುಡಿಯ ಹಿಂದೆ ಹಾಯ್ದು ಆಸಿಂ ಬಂಡೆಯಿಂದ ಬಂಡೆಗೆ ಹೋಗಿ ಸೀಳು ಹುಡುಕಿದ. ಒಂದರಲ್ಲಿ ಭುಜದವರೆಗೆ ಕೈ ತೂರಿಸಿ, ಕೆನ್ನೆಯನ್ನು ಕಲ್ಲಿಗೆ ಒತ್ತಿಕೊಂಡು ನಿಂತ. ಒಳಗೆ ಬೆರಳಾಡಿಸಿ ಕಚಗುಳಿ ಇಟ್ಟ.

"ಏನಂತಾರಲೇ?" ಎಂದು ಮಾರೆಣ್ಣ ಕೇಳಿದ.

"ಮಕ್ಕೊಂಡಾರ ತಾತ. ತಣ್ಣಗ ಅದಾರ."

"ಹಗಲೊತ್ತು ಮಕ್ಕೊಂತಾರೇನು? ನಮ್ಮ ಮಾರೇಶನ ಬೀಗರಿರಬೇಕು."

ಆಸಿಂ ಕೈ ತೆಗೆಯದೆಯೇ ನಕ್ಕ. ಎರಡನೆಯ ದಿನವೂ ಹತ್ತಿದ, ಆದರೆ ನಡುನಡುವೆ ಕೂತ. ಮೂರನೆಯ ದಿನ ಹತ್ತಲಾಗಲಿಲ್ಲ; ಮಾರೇಶ ಹೆಗಲ ಮೇಲೆ ಕೂರಿಸಿಕೊಂಡು ಹೋದ. ಅವತ್ತು ಆಸಿಂ ಸೀಳಿನಲ್ಲಿ ಕೈ ಇಟ್ಟು ಬಹಳ ಹೊತ್ತು ಇದ್ದು, ಇಳಿದು ಬಂದ ಮೇಲೆ ಚಾಪೆಯ ಮೇಲೆ ಮಲಗಿಬಿಟ್ಟ. ಸಂಜೆಗೆ ಮೈ ಬಿಸಿಯಾಯಿತು.

ಗಂಜಿ ಕುಡಿಸಲು ಹೋದ ಈರಮ್ಮ ಬಟ್ಟಲು ಕೆಳಗಿಟ್ಟಳು. "ಅಣ್ಣಾರ, ಇಲ್ಲಿ ಬರ್ರಿ. ಹುಡುಗನ ಎದಿ ನೋಡ್ರಿ, ಕೋಳಿಮರಿ ಎದಿ ಹಂಗ ಬಡಕೊಳ್ಳಾಕತ್ತೈತಿ. ತುಟಿ ನೋಡ್ರಿ, ಸುಣ್ಣ ಬಳದಂಗ ಆಗ್ಯಾವು."

"ಅಂವಂದು ಹಂಗ ಐತವ್ವ. ರಕ್ತ ಏರಿಸಿದ್ರ ಸರಿ ಹೋಗ್ತಾನ," ಎಂದರು ಖಾಜಾಸಾಬರು.

"ಯಾವಾಗ ಏರಿಸೋದು?"

ಆಗ ನಾಲ್ಕು ದಿನದ ಒಪ್ಪಂದ ಹೊರಬಂತು. ಮಾರೆಣ್ಣ ಮೊದಲು ನಂಬಲಿಲ್ಲ. ಆಮೇಲೆ ಎದ್ದು ನಿಂತ. "ಮಾರೇಶ, ಆಟೋ ತಗೊಂಬಾ. ಏಳಲೇ ಖಾಜಾ, ಈಗಿಂದೀಗ ಬಳ್ಳಾರಿಗೆ ಹೋಗೂಣು."

ಖಾಜಾಸಾಬರು ಮೊಮ್ಮಗನ ಕಡೆ ಬಾಗಿದರು. "ಆಸಿಂ, ಹೋಗೂಣೇನಪ?"

ಆಸಿಂ ಕಣ್ಣು ಬಿಟ್ಟ. "ನಾಕನೇ ದಿನ ನಾಳಿ ತಾತ. ಕೈ ಒತ್ತೀದಿ ನೀನು."

"ಒತ್ತೀನಿ."

ಅವರು ಹಾಗೇ ಕೂತರು. ಮಾರೆಣ್ಣನಿಗೆ ಸಿಟ್ಟು ನೆತ್ತಿಗೇರಿತು. "ಏನಲೇ, ಕೂಸಿನ ಜೋಡಿ ಏನ್ ವ್ಯಾಪಾರ ನಿಂದು? ಅದು ನಾವು ಕುರಿ ಮಾರಾಕ ಇಟಗೊಂಡ ಮಾತಲೇ!"

"ಕುರಿಗೊಂದು ಕೈ, ಮೊಮ್ಮಗಗೊಂದು ಕೈ ಐತೇನಲೇ ನನಗ?"

"ಮುರಿಯಲೇ! ಒಂದ್ಸಲ ಮುರಿ! ಏನ್ ನೆಲ ಬಾಯಿ ಬಿಡ್ತೈತೇನು?"

"ಆಸ್ಪತ್ರಿ ಅಂದ್ರ ಅಂವ ನನ್ನ ಕೈ ಒಂದ ನಂಬಿ ಬರ್ತಾನ ಮಾರ್ಯಾ. ಅದನ್ನೂ ಸುಳ್ಳು ಮಾಡಿದ್ರ, ನಾಳಿ ಸೂಜಿ ಚುಚ್ಚೋವಾಗ ಅಂವ ಏನ್ ಹಿಡಕೋಬೇಕು? ಒಂದ್ ರಾತ್ರಿ. ಬೆಳಕಾತಂದ್ರ ನಾಕನೇ ದಿನ, ಮಾತು ತೀರ್ತೈತಿ. ಮೊದಲನೇ ಬಸ್ಸಿಗೆ ಹೋಗ್ತೀನಿ."

ಅವರ ಮಾತಿನಲ್ಲಿ ಹುರುಳಿಲ್ಲ ಎನ್ನುವಂತಿರಲಿಲ್ಲ. ಅದೇ ಕೆಟ್ಟದ್ದಾಯಿತು. ಮಾರೆಣ್ಣ ಬೈದ, ಬೇಡಿಕೊಂಡ, ಮಾರೇಶ ಆಟೋ ತಂದು ಬಾಗಿಲಿಗೆ ನಿಲ್ಲಿಸಿದ. ಖಾಜಾಸಾಬರು ಒದ್ದೆ ಬಟ್ಟೆಯಿಂದ ಹುಡುಗನ ಹಣೆ ಒರೆಸುತ್ತ ಕೂತರು. ಜ್ವರ ಸ್ವಲ್ಪ ಇಳಿಯಿತು. ಇಳಿಯಿತಲ್ಲ ಎಂದು ಮಾರೆಣ್ಣನೂ ಸುಮ್ಮನಾದ.

ಬೆಳಕು ಹರಿಯುವ ಮೊದಲು ಈರಮ್ಮ ಕೂಗಿಕೊಂಡಳು. ಆಸಿಂ ಕರೆದರೆ ಓಗೊಡಲಿಲ್ಲ, ಉಸಿರು ಮಾತ್ರ ಜೋರಾಗಿ ಆಡುತ್ತಿತ್ತು. ಆಟೋದಲ್ಲಿ ಖಾಜಾಸಾಬರು ಅವನನ್ನು ತೊಡೆಯ ಮೇಲೆ ಮಲಗಿಸಿಕೊಂಡು ಬಳ್ಳಾರಿ ಮುಟ್ಟುವವರೆಗೆ ಹೇಳುತ್ತಲೇ ಇದ್ದರು: "ನಾಕು ದಿನ ಆತಪ. ಆತು, ನಾಕೂ ಆದ್ವು."

ಆಸ್ಪತ್ರೆಯಲ್ಲಿ ಓಡಿ ಬಂದು ರಕ್ತ ಏರಿಸಿದರು, ಮೂಗಿಗೆ ಗಾಳಿಯ ನಳಿಕೆ ಹಾಕಿದರು. ರಕ್ತ ಕಡಿಮೆಯಾಗಿ ಎದೆ ಸೋತಿದೆ, ಜ್ವರ ಬೇರೆ ಸೇರಿಕೊಂಡಿದೆ, ದೇವರನ್ನು ಬೇಡಿಕೊಳ್ಳಿ ಎಂದರು ಡಾಕ್ಟರು. ಸಿರುಗುಪ್ಪದಿಂದ ಫರ್ಜಾನಾ ಮತ್ತು ಸುಹಾನಾ ಬಂದಾಗ ಖಾಜಾಸಾಬರು ಮಂಚದ ಪಕ್ಕ ನಿಂತಿದ್ದರು. ಟವೆಲ್ಲಿನ ಕೆಳಗೆ ಹುಡುಗನ ಕೈ ಹಿಡಿದು, ಬೆರಳುಗಳನ್ನು ಒಂದೊಂದಾಗಿ ಒತ್ತುತ್ತಿದ್ದರು. ಕಚಗುಳಿಯನ್ನೂ ಇಟ್ಟು ನೋಡಿದರು. ಆ ಕಡೆಯಿಂದ ಏನೂ ಬರಲಿಲ್ಲ. ಮರುದಿನ ಮಧ್ಯಾಹ್ನ ಆಸಿಂ ಹೋದ.

ಶಾಕೀರ ಮಣ್ಣು ಕೊಡುವ ಹೊತ್ತಿಗೆ ಸರಿಯಾಗಿ ಬಂದು ಮುಟ್ಟಿದ. ಮೂರನೆಯ ದಿನದ ಫಾತೆಹಾ ಓದಿ ಮುಗಿದ ಮೇಲೆ ಓಣಿಗೆಲ್ಲ ಕೇಳುವಂತೆ ತಂದೆಯನ್ನು ಬೈದ, ಗೋಡೆಗೆ ತಲೆ ಚಚ್ಚಿಕೊಂಡ, ಮಾರನೆಯ ದಿನ ಲಾರಿ ಹತ್ತಿ ಹೋದ. ಫರ್ಜಾನಾ ಬೈಯಲಿಲ್ಲ. ಮಾವನಿಗೆ ಹೊತ್ತುಹೊತ್ತಿಗೆ ಊಟ ಇಡುತ್ತಾಳೆ, ನೀರು ಕಾಸಿ ಕೊಡುತ್ತಾಳೆ, ಬಟ್ಟೆ ಒಗೆದು ಹಾಕುತ್ತಾಳೆ. ಮಾತು ಮಾತ್ರ ಒಂದೂ ಇಲ್ಲ. ತಟ್ಟೆ ನೆಲಕ್ಕೆ ತಾಗಿದ ಸದ್ದು ಕೇಳಿ ಅವರು ಊಟ ಬಂತೆಂದು ತಿಳಿದುಕೊಳ್ಳಬೇಕು.

ಖಾಜಾಸಾಬರು ಬ್ರೂಸ್‌ಪೇಟೆಗೆ ಹೋಗುವುದನ್ನು ಬಿಟ್ಟರು. ಟವೆಲ್ಲು ಹೆಗಲಿಗೆ ಹಾಕುವುದನ್ನು ಬಿಟ್ಟರು. ಯಾರಿಗೂ ಕೈ ಕೊಡುವುದಿಲ್ಲ. ಈ ಸಲ ರಂಜಾನ್ ಹಬ್ಬದ ನಮಾಜು ಮುಗಿದು ಎಲ್ಲರೂ ಒಬ್ಬರನ್ನೊಬ್ಬರು ಅಪ್ಪಿ ಕೈ ಹಿಡಿಯುವಾಗ, ಅವರು ಎರಡೂ ಕೈ ಕಂಕುಳಲ್ಲಿ ಅಡಗಿಸಿಕೊಂಡು ಗೋಡೆಯ ಪಕ್ಕ ನಿಂತಿದ್ದರಂತೆ. ಹಬ್ಬದ ಮರುದಿನ ಮಾರೆಣ್ಣ ಬಂದ. ಹೊಸಿಲಿನಲ್ಲೇ ಕೈ ಚಾಚಿದ. ಖಾಜಾಸಾಬರು ನೋಡಿದರು, ಕೈ ಕೊಡಲಿಲ್ಲ.

"ನಂದೂ ತಪ್ಪೈತಿ ಲೇ," ಎಂದ ಮಾರೆಣ್ಣ. "ನಿನ್ನ ಕಂಬಕ್ಕ ಕಟ್ಟಿಹಾಕಿ ಕೂಸಿನ್ನ ಒಯ್ಯಬೇಕಿತ್ತು. ಆಟೋ ಬಾಗಿಲಾಗ ನಿಂತಿತ್ತು."

"ನೀನು ಚಾ ಕುಡಿ," ಎಂದರು ಖಾಜಾಸಾಬರು.

ಸುಹಾನಾಳಿಗೆ ಕತೆ ಮುಂದುವರಿಸಲು ಆಗಿರಲಿಲ್ಲ. ಸೀಳಿಗರು ಎಂದರೆ ಸಾಕು, ಭುಜದವರೆಗೆ ಕಲ್ಲಿನೊಳಗೆ ಕೈ ಇಟ್ಟು ನಿಂತ ತಮ್ಮನೇ ಕಣ್ಣಿಗೆ ಬರುತ್ತಿದ್ದ. ಆದರೆ ಹೋದ ವಾರ ದಾರ ಕತ್ತರಿಸುತ್ತ ಕೂತಿದ್ದಾಗ ಖಾಜಾಸಾಬರೇ ಕೇಳಿದರು.

"ಕತಿ ಎಲ್ಲಿಗೆ ಬಂತವ್ವ?"

"ಬಿಟ್ಟೀನಿ ತಾತ."

"ಬಿಡಬ್ಯಾಡ. ಅಂವ ಅಷ್ಟು ಆಸಿ ಇಟ್ಟಿದ್ದ."

ಸುಹಾನಾ ಕತ್ತರಿ ಕೆಳಗಿಟ್ಟಳು. ಆಮೇಲೆ ಹೇಳಿದಳು, "ಭಾಷಿ ಪೂರ್ತಿ ಆಗಿಲ್ಲ ತಾತ. ಒಂದು ಮಾತು ಕಮ್ಮಿ ಐತಿ. ಒತ್ತಿದ್ದನ್ನ ಹಿಂದಕ ತಗೊಳ್ಳಾಕ ಮಾತಿಲ್ಲ ಅದರಾಗ."

ಖಾಜಾಸಾಬರು ತಮ್ಮ ಕೈಗಳನ್ನು ನೋಡಿಕೊಂಡರು. "ಅದು ಇರಂಗಿಲ್ಲವ್ವ. ಅದೊಂದು ಮಾತಿದ್ರ ಸಂತಿ ನಡಿಯಂಗಿಲ್ಲ."

ಒಳಗೆ ಫರ್ಜಾನಾ ಪಾತ್ರೆ ಉಜ್ಜುವ ಸದ್ದು ನಿಂತಿತ್ತು.

"ಸಂತಿ ನಡೀದಿದ್ರ ಬಿಡಬೇಕಿತ್ತು," ಎಂದರು ಖಾಜಾಸಾಬರು.

ಅವರ ಬಾಯಿಂದ ಆ ಮಾತು ಬರುತ್ತದೆಂದು ಸುಹಾನಾ ಎಣಿಸಿರಲಿಲ್ಲ. ಟವೆಲ್ಲು ತಂದು ಎದುರು ಹಾಸಿದಳು. "ಬರ್ರಿ ತಾತ, ಇಬ್ರೂ ಕೂಡಿ ಮಾಡೂಣು."

ಅವರು ತಲೆ ಅಲ್ಲಾಡಿಸಿದರು. "ನನ್ನ ಕೈಲೆ ಆಗಂಗಿಲ್ಲ. ನನ್ನ ಕೈಗೆ ಬ್ಯಾರೆ ಏನೂ ಬರಂಗಿಲ್ಲ. ನೀನು ಮಾಡು. ಛಂದಾಗಿ ಮಾಡು, ಸಣ್ಣ ಕೂಸಿಗೂ ತಿಳಿಯಂಗ." ಎದ್ದು ಹೊರಗೆ ಹೋಗಿ, ಬಿಸಿಲಿನಲ್ಲಿ ಕಟ್ಟೆಯ ಮೇಲೆ ಕೂತರು.

ಸುಹಾನಾ ಆ ಮಾತಿಗಾಗಿ ಒಂದು ವಾರ ತನ್ನ ಎರಡು ಕೈಗಳನ್ನೇ ಒಂದಕ್ಕೊಂದು ಹಿಡಿಸಿ ನೋಡಿದಳು. ಬೆರಳು ಸಡಿಲ ಬಿಡುವುದು ಆಗದು, ಅದು ಚೌಕಾಸಿ. ಉಗುರು ಆಗದು, ಅದು ನೋವು. ಕೈ ಹೊರಗೆ ಎಳೆದುಕೊಂಡುಬಿಟ್ಟರೆ ಎದುರಿನವರು ಕತ್ತಲಲ್ಲಿ ಒಬ್ಬರೇ ಉಳಿಯುತ್ತಾರೆ, ಅದಂತೂ ಆಗಲೇ ಆಗದು. ಕೊನೆಗೆ ಹೀಗೆ ಮಾಡಿದಳು: ಎದುರಿನವರ ಕೈಯನ್ನು ಮೆಲ್ಲಗೆ ಮಗುಚಿ, ಅದರ ಕೆಳಗೆ ತನ್ನ ಅಂಗೈ ಇಟ್ಟು, ಆ ಕೈಯ ಭಾರವನ್ನು ಹೊರುವುದು. ಏನೂ ಒತ್ತಬಾರದು. ಎದುರಿನವರು ಒಪ್ಪಲಿ ಬಿಡಲಿ, ಹೊತ್ತುಕೊಂಡು ಇರಬೇಕು. ಹಾಗೆ ಮಾಡಿದಾಗ ಹೊರಗೈ ಅಂಗೈಗೆ ತಾಗುತ್ತದೆ. ಅವರ ಭಾಷೆಯಲ್ಲಿ ಹೊರಗೈ ಮುಟ್ಟುವ ಮಾತು ಇದೊಂದೇ.

ಇದು ಸರಿಯಾಗಿದೆಯೋ ಇಲ್ಲವೋ ಒಬ್ಬಳಿಗೇ ತಿಳಿಯುವುದಿಲ್ಲ, ಇನ್ನೊಂದು ಕೈ ಬೇಕು. ತಾತ ಕೈ ಕೊಡುವುದಿಲ್ಲ; ಮನೆಯಲ್ಲಿ ಉಳಿದಿರುವುದು ಅಮ್ಮಿ ಫರ್ಜಾನಾಳ ಕೈ. ನಾಳೆ ಬೆಳಿಗ್ಗೆ ಜೀನ್ಸ್ ಗಂಟನ್ನು ಯೂನಿಟ್ಟಿಗೆ ಕೊಟ್ಟು ಬಂದ ಮೇಲೆ ಸುಹಾನಾ ಅದನ್ನು ಅಮ್ಮಿಗೆ ಕಲಿಸುತ್ತಾಳೆ.